ಸಿಸೇರಿಯನ್ ಆಗಿ 20 ಗಂಟೆ, ಇನ್ನೂ ಗ್ಯಾಸ್ ಹೋಗಿಲ್ಲ. ಮಾತ್ರೆ ಇಲ್ಲದೆ ನಾವೇನು ಮಾಡಬಹುದು?

ತಂಗಿಯಕ್ಕ, ದಾವಣಗೆರೆ
ಬುಧವಾರ ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ನನ್ನ ತಂಗಿಗೆ ಸಿಸೇರಿಯನ್ ಆಯಿತು. ಹೆಣ್ಣು ಮಗು. ಇಬ್ಬರೂ ಆರಾಮಾಗಿದ್ದಾರೆ. ಆದರೆ ಇಷ್ಟು ಹೊತ್ತಾದರೂ ಇವಳಿಗೆ ಗ್ಯಾಸ್ ಹೋಗಿಲ್ಲ. ಹೊಟ್ಟೆ ತಮಟೆ ಹಾಗೆ ಬಿಗಿದುಕೊಂಡಿದೆ. ಹೊಲಿಗೆ ನೋವು ತಡೀಬಹುದು, ಈ ಉಬ್ಬರ ಆಗಲ್ಲ ಅಕ್ಕಾ ಅಂತಾಳೆ. ರಾತ್ರಿಯಿಂದ ಬಲಭುಜ ಬೇರೆ ನೋಯುತ್ತಿದೆ. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು ಅಂತ ನಮಗೆ ಅರ್ಥವಾಗಿಲ್ಲ.

ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದರು. ಎಲ್ಲ ಸರಿಯಾಗಿದೆ, ನೀರು ಕುಡಿಸಿ, ಗಂಜಿ ಕೊಡಿ, ಎಬ್ಬಿಸಿ ನಡೆಸಿ ಅಂದು ಹೋದರು. ಅವರು ಆ ಕಡೆ ಹೋದದ್ದೇ ತಡ, ಈ ಕಡೆ ಮನೆಯವರದು ಶುರುವಾಯಿತು. ಗ್ಯಾಸ್ ಹೋಗುವ ತನಕ ಬಾಯಿಗೆ ಏನೂ ಹಾಕಬಾರದಂತೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದಂತೆ. ಎದ್ದರೆ ಹೊಲಿಗೆ ಬಿಚ್ಚುತ್ತದಂತೆ. ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ, ಅದು ನನಗೂ ಗೊತ್ತು. ಆದರೆ ಅವಳ ತುಟಿ ಒಣಗಿ ಸಿಪ್ಪೆ ಎದ್ದಿದೆ. ನಾನು ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಒತ್ತುತ್ತಾ ಕೂತಿದ್ದೇನೆ.

ಔಷಧಿ ಬೇಕಾದರೆ ಡಾಕ್ಟರ್ ಕೊಡುತ್ತಾರೆ, ಅದು ಅವರ ಕೆಲಸ. ಮಂಚದ ಪಕ್ಕ ನಿಂತಿರುವ ನಾವು ಏನು ಮಾಡಬಹುದು? ನಿಮ್ಮಲ್ಲಿ ಯಾರಿಗೆ ಏನು ಉಪಯೋಗ ಆಯಿತು, ದಯವಿಟ್ಟು ಹೇಳಿ.


ಎರಡು ಮಕ್ಕಳ ತಾಯಿ, ತುಮಕೂರು
10.34

ನಡೆಸಿ. ನನಗೆ ಎರಡು ಸಲವೂ ನಡೆದ ಮೇಲೇ ಹೋಗಿದ್ದು. ಮೊದಲನೇ ಸಲ ಮೂವತ್ತು ಗಂಟೆ ಆಗಿತ್ತು, ಗಾಬರಿ ಬೇಡ.


ವಾರ್ಡ್ ಸಿಸ್ಟರ್, ಹುಬ್ಬಳ್ಳಿ
10.58

ಅಕ್ಕಾವ್ರೇ, ನಾನು ಹೆರಿಗೆ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್. ಮೊದಲು ಒಂದು ಮಾತು: ಆ ಡಾಕ್ಟರ್ ಸರಿಯಾಗಿಯೇ ಹೇಳಿದ್ದಾರೆ. ಈಗಲೇ ಎದ್ದು ಹೋಗಿ ಅವಳಿಗೆ ಅರ್ಧ ಲೋಟ ಬೆಚ್ಚಗಿನ ನೀರು ಕೊಡಿ, ಆಮೇಲೆ ಬಂದು ಉಳಿದದ್ದು ಓದಿ.

ಹೊಟ್ಟೆ ತೆರೆದ ಯಾವ ಆಪರೇಷನ್ ಆದರೂ ಕರುಳು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಕೊಯ್ದ ಪೆಟ್ಟು, ನೋವಿನ ಇಂಜೆಕ್ಷನ್, ಮಲಗೇ ಇರುವುದು, ಎಲ್ಲ ಸೇರಿ ಹಾಗಾಗುತ್ತದೆ. ಎಲ್ಲ ಭಾಗವೂ ಒಟ್ಟಿಗೆ ಏಳುವುದಿಲ್ಲ. ಸಣ್ಣ ಕರುಳು ಕೆಲವೇ ಗಂಟೆಗಳಲ್ಲಿ ಕೆಲಸ ಶುರು ಮಾಡುತ್ತದೆ. ಜಠರಕ್ಕೆ ಒಂದೆರಡು ದಿನ. ದೊಡ್ಡ ಕರುಳೇ ಕೊನೆಗೆ ಏಳುವುದು, ದೊಡ್ಡ ಆಪರೇಷನ್ ಆದರೆ ಎರಡು ಮೂರು ದಿನವೂ ಹಿಡಿಯುತ್ತದೆ. ಸಿಸೇರಿಯನ್‌ನಲ್ಲಿ ಕರುಳಿಗೆ ಅಷ್ಟಾಗಿ ಕೈ ಹಾಕುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಇನ್ನೂ ಬೇಗ ಸರಿಹೋಗುತ್ತದೆ. 20 ಗಂಟೆ ಹೆದರುವ ಹೊತ್ತಲ್ಲ.

ಈಗ ನೋಡಿ, ಗ್ಯಾಸ್ ಬರುವುದು ದೊಡ್ಡ ಕರುಳಿನಿಂದ. ಗಂಜಿಯನ್ನು ಮೊದಲು ತೆಗೆದುಕೊಳ್ಳಬೇಕಾದ ಸಣ್ಣ ಕರುಳು ಆಗಲೇ ಎದ್ದು ಕೂತಿದೆ. ಮತ್ತೆ ಗ್ಯಾಸ್ ಹೋಗುವ ತನಕ ಉಪವಾಸ ಯಾಕೆ? ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲೂ ಹಾಗೇ ಕಾಯಿಸುತ್ತಿದ್ದರು. ಡಾಕ್ಟರ್ ಸ್ಟೆತೊಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುವ ತನಕ ಬರೀ ಡ್ರಿಪ್. ಈಗ ಅದು ಬದಲಾಗಿದೆ. ಆಪರೇಷನ್ ಆದವರು ಬೇಗ ಚೇತರಿಸಿಕೊಳ್ಳಲಿ ಅಂತ ಎರಾಸ್ ಅನ್ನುವ ಪದ್ಧತಿ ಇದೆ. ಸಿಸೇರಿಯನ್ ಆದ ಮೇಲಿನ ಆರೈಕೆಗೆ ಅವರು 2019ರಲ್ಲಿ ಕೊಟ್ಟ ಸೂಚನೆಯಲ್ಲಿ 2 ಗಂಟೆಯೊಳಗೆ ಮಾಮೂಲಿ ಊಟ ಶುರು ಮಾಡಬಹುದು ಅಂತಲೇ ಇದೆ. ನಮ್ಮ ಕಡೆ ಅಷ್ಟು ಬೇಗ ಕೊಡುವವರು ಕಡಿಮೆ, ಆದರೂ 20 ಗಂಟೆ ಒಣಗಿಸುವುದು ಬೇಡ.

ಊಟ ಬಾಯಿಗೆ ಬಿದ್ದರೇನೇ ಕರುಳಿಗೆ ಸುದ್ದಿ ಮುಟ್ಟುವುದು. ಹೊಟ್ಟೆಗೆ ಏನಾದರೂ ಇಳಿದ ತಕ್ಷಣ ದೊಡ್ಡ ಕರುಳು ಮುಂದೆ ತಳ್ಳಲು ಶುರು ಮಾಡುತ್ತದೆ. ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಬಾತ್‌ರೂಮಿಗೆ ಓಡುತ್ತೀವಲ್ಲ, ಅದೇ ಇದು.

ಭುಜದ್ದು ಹೇಳುತ್ತೇನೆ. ಆಪರೇಷನ್ ಹೊತ್ತಲ್ಲಿ ಹೊಟ್ಟೆಯೊಳಗೆ ಸ್ವಲ್ಪ ಗಾಳಿ ಉಳಿದಿರುತ್ತದೆ. ಅದು ಮೇಲೇರಿ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು ಕೆಣಕುತ್ತದೆ. ಆ ಪರದೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಜಾಗದಿಂದ ಹೊರಡುತ್ತವೆ, ಹಾಗಾಗಿ ನೋವು ಭುಜದಲ್ಲಿ ಕಾಣುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೂ ಡ್ಯೂಟಿ ಸಿಸ್ಟರ್‌ಗೆ ಒಂದು ಮಾತು ಹೇಳಿಡಿ. ಭುಜದ ಜೊತೆ ಎದೆ ಹಿಡಿಯುವುದು, ಉಸಿರು ಕಟ್ಟುವುದು ಇದ್ದರೆ ಮಾತ್ರ ಕಾಯಬೇಡಿ, ಆಗಲೇ ಕೂಗಿ.

ಇನ್ನೊಂದು ಸುಲಭದ್ದು ಇದೆ. ಚ್ಯೂಯಿಂಗ್ ಗಮ್. ನಗಬೇಡಿ. ಸಕ್ಕರೆ ಇಲ್ಲದ್ದು ತಂದು ದಿನಕ್ಕೆ ಮೂರು ಸಲ, ಒಂದೊಂದು ಸಲ ಅರ್ಧ ಗಂಟೆ ಅಗಿಯಲಿ. ಡಾಕ್ಟರ್‌ಗೆ ಒಂದು ಮಾತು ಕೇಳಿಯೇ ಕೊಡಿ.


ತಂಗಿಯಕ್ಕ, ದಾವಣಗೆರೆ
11.15

ಸಿಸ್ಟರ್, ನೀರು ಕೊಟ್ಟೆ. ಎರಡು ಗುಟುಕಿಗೆ ನಿಲ್ಲಿಸು ಅಂತ ಹಿಂದಿನಿಂದ ಹೇಳುತ್ತಿದ್ದರು, ಅವಳು ಲೋಟ ಪೂರ್ತಿ ಮುಗಿಸಿ ಇನ್ನೊಂದು ಕೇಳಿದಳು. ವಾಂತಿ ಏನೂ ಬಂದಿಲ್ಲ.

ಚ್ಯೂಯಿಂಗ್ ಗಮ್ ನಿಜವಾಗಿ ಹೇಳುತ್ತಿದ್ದೀರಾ? ಗಮ್ ಅಗಿದರೆ ಗಾಳಿ ಒಳಗೆ ಹೋಗಿ ಇನ್ನೂ ಜಾಸ್ತಿ ಉಬ್ಬರಿಸುವುದಿಲ್ವಾ? ಮನೆಯಲ್ಲಿ ಹೇಳಿದರೆ ನನ್ನನ್ನು ಹೇಗೆ ನೋಡುತ್ತಾರೋ.


ಓದುವ ಹುಚ್ಚಿನವಳು, ಮೈಸೂರು
11.40

ತಂಗಿಯಕ್ಕ ಅವರೇ, ನನಗೂ ನನ್ನ ಹೆರಿಗೆ ಸಮಯದಲ್ಲಿ ಇದೇ ಅನುಮಾನ ಇತ್ತು, ಹುಡುಕಿ ಓದಿದ್ದೆ. ಇದು ಯಾರೋ ಸುಮ್ನೆ ಹೇಳಿದ ಮಾತಲ್ಲ. 2002ರಲ್ಲಿ ಜಪಾನಿನ ಸರ್ಜನ್‌ಗಳು ದೊಡ್ಡ ಕರುಳಿನ ಆಪರೇಷನ್ ಆದವರಿಗೆ ಗಮ್ ಕೊಟ್ಟು ನೋಡಿ ಬರೆದರು. ಆಮೇಲೆ ಸಿಸೇರಿಯನ್ ಆದವರಿಗೂ ಬೇರೆ ಬೇರೆ ದೇಶಗಳಲ್ಲಿ ಕೊಟ್ಟು ನೋಡಿದ್ದಾರೆ. 2016ರಲ್ಲಿ ಕಾಕ್ರೇನ್ ಸಂಸ್ಥೆಯವರು ಅವನ್ನೆಲ್ಲ ಒಟ್ಟು ಹಾಕಿದರು: 9 ದೇಶ, 17 ಪ್ರಯೋಗ, 3149 ತಾಯಂದಿರು. ಗಮ್ ಅಗಿದವರಿಗೆ ಗ್ಯಾಸ್ ಸರಾಸರಿ 7 ಗಂಟೆ ಮೊದಲೇ ಹೋಗಿದೆ, ಮೋಷನ್ ಸುಮಾರು 9 ಗಂಟೆ ಮೊದಲು. ತೊಂದರೆ ಆದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಆದರೆ ಒಂದು ವಿಷಯ ಮುಚ್ಚಿಡಬಾರದು. ಆ ಪ್ರಯೋಗಗಳಲ್ಲಿ ಬಹಳಷ್ಟು ಅಷ್ಟು ಗಟ್ಟಿಯಾಗಿ ನಡೆಸಿದವಲ್ಲ ಅಂತ ಅವರೇ ಬರೆದಿದ್ದಾರೆ. ಯಾರು ಗಮ್ ಅಗಿಯುತ್ತಿದ್ದಾರೆ ಅಂತ ಅಗಿಯುವವರಿಗೂ ಗೊತ್ತು, ನೋಡುವವರಿಗೂ ಗೊತ್ತು, ಅದನ್ನು ಮುಚ್ಚಿಡಲು ಹೇಗೆ ಆಗುತ್ತದೆ? ಸಿಸ್ಟರ್ ಹೇಳಿದ ಅದೇ ಎರಾಸ್ ಸೂಚನೆಯಲ್ಲೂ ಗಮ್‌ನ ಮಾತಿದೆ: ಬೇಗ ಊಟ ಕೊಡುವ ಕಡೆ ಗಮ್ ಬೇಕಾಗದೇ ಇರಬಹುದು, ಊಟ ತಡವಾಗುವ ಕಡೆ ಕೊಡಿ ಅಂತ. ಅಂದರೆ ನಿಮ್ಮ ತಂಗಿಯಂಥವರಿಗೇ ಇದು ಜಾಸ್ತಿ ಉಪಯೋಗ, ಅಲ್ವಾ?

ಗಾಳಿ ಜಾಸ್ತಿ ಹೋಗುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ. ಬಾಯಿ ಮುಚ್ಚಿ ನಿಧಾನಕ್ಕೆ ಅಗಿದರೆ ಕಡಿಮೆ. ಗಮ್ ಹೊಟ್ಟೆಗೆ ಹೋಗುವುದೇ ಇಲ್ಲ, ಆದರೆ ಅಗಿಯುವಾಗ ಬಾಯಲ್ಲಿ ಜೊಲ್ಲು ಬರುತ್ತದೆ, ಊಟ ಬರುತ್ತಿದೆ ಅಂತ ಮೆದುಳು ತಿಳಿದುಕೊಂಡು ಕರುಳಿಗೆ ಹೇಳಿ ಕಳಿಸುತ್ತದೆ. ಸಕ್ಕರೆ ಇಲ್ಲದ ಗಮ್‌ನಲ್ಲಿ ಸಿಹಿಗೆ ಅಂತ ಸಾರ್ಬಿಟಾಲ್, ಕ್ಸೈಲಿಟಾಲ್ ಹಾಕಿರುತ್ತಾರೆ. ಮೂರು ಸಲಕ್ಕೆ ಏನೂ ಆಗಲ್ಲ, ಡಬ್ಬಿಗಟ್ಟಲೆ ಅಗಿದರೆ ಅದೇ ಗ್ಯಾಸ್ ಮಾಡುತ್ತದೆ. ಮಂಪರಿನಲ್ಲಿ ಇರುವವರಿಗೆ, ವಾಂತಿ ಬರುತ್ತಿರುವವರಿಗೆ ಕೊಡಬೇಡಿ. ಮಲಗಿಸಿ ಕೊಡಬೇಡಿ, ದಿಂಬು ಒರಗಿಸಿ ಕೂರಿಸಿ.


ಮೊಮ್ಮಗಳ ಅಜ್ಜಿ, ಶಿವಮೊಗ್ಗ ಜಿಲ್ಲೆ
12.10

ಮಕ್ಕಳೇ, ಮೊಮ್ಮಗಳು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ. ನೀವೀಗ ಜಪಾನಿನವರು ಹೇಳಿದರು ಅನ್ನುತ್ತೀರಿ. ನಮ್ಮಲ್ಲಿ ಬಾಣಂತಿ ಊಟ ಆದ ಮೇಲೆ ಎಲೆ ಹಾಕಿಕೊಳ್ಳಲೇಬೇಕು ಅಂತ ಇತ್ತು. ಮದುವೆಯಾಗುವ ತನಕ ಎಲೆ ಮುಟ್ಟಲು ಬಿಡದ ನಮ್ಮಮ್ಮ ಬಾಣಂತನದಲ್ಲಿ ತಾನೇ ಎಲೆಯ ನಾರು ತೆಗೆದು, ತುದಿ ಚಿವುಟಿ, ಸುಣ್ಣ ಸವರಿ, ಎರಡು ಲವಂಗ ಇಟ್ಟು ನನ್ನ ಬಾಯಿಗೆ ಕೊಡುತ್ತಿದ್ದಳು. ನಿಧಾನಕ್ಕೆ ಅಗಿ, ಊಟ ಕರಗುತ್ತದೆ, ವಾಯು ಇಳಿಯುತ್ತದೆ ಅನ್ನುತ್ತಿದ್ದಳು. ಅಗಿದರೆ ಹೊಟ್ಟೆ ಏಳುತ್ತದೆ ಅನ್ನುವುದು ಅವಳಿಗೂ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ನಾವು ತಪ್ಪು ಮಾಡಿದೆವು. ನನಗೆ ದಿನಕ್ಕೆ ಎರಡೇ ಲೋಟ. ಹಾಲು ಕುಡಿಸುವ ಹೊತ್ತಿಗೆ ಗಂಟಲು ಒಣಗಿ ಮಾತು ಹೊರಡುತ್ತಿರಲಿಲ್ಲ. ನನ್ನ ಸೊಸೆಗೆ ನಾನು ಹಾಗೆ ಮಾಡಲಿಲ್ಲ.


ವಾರ್ಡ್ ಸಿಸ್ಟರ್, ಹುಬ್ಬಳ್ಳಿ
12.25

ಅಜ್ಜೀ, ನಿಮ್ಮ ಮಾತು ಓದಿ ಖುಷಿಯಾಯಿತು. ಬರೀ ಎಲೆ ಅಗಿಯುವುದಕ್ಕೆ ಊಟ ಶುರುವಾದ ಮೇಲೆ ನನ್ನ ಅಡ್ಡಿ ಇಲ್ಲ. ಅಡಿಕೆ ಮಾತ್ರ ಬೇಡ. ಹೊಗೆಸೊಪ್ಪಂತೂ ಬೇಡವೇ ಬೇಡ. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ತವರಿನದೂ ಅಡಿಕೆ ತೋಟವೇ, ಹೇಳಲು ನನಗೂ ಕಷ್ಟ, ಆದರೆ ಬಾಣಂತಿಯ ಬಾಯಿಗೆ ಅದನ್ನು ನಾನು ಕೊಡಲಾರೆ. ಒಂದು ಸಲ ಬಾಣಂತನಕ್ಕೆ ಅಂತ ಶುರುವಾದ ಅಭ್ಯಾಸ ಎಷ್ಟೋ ಹೆಂಗಸರಿಗೆ ಜೀವನ ಪೂರ್ತಿ ಉಳಿದುಬಿಡುತ್ತದೆ.


ಫಿಸಿಯೋ, ಉಡುಪಿ
12.50

ನಡೆಸಿ ನಡೆಸಿ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಎಬ್ಬಿಸಬೇಕು ಅಂತ ಯಾರೂ ಹೇಳುವುದಿಲ್ಲ. ಹೊಲಿಗೆ ಇರುವವಳನ್ನು ಎರಡೂ ಕೈ ಹಿಡಿದು ನೇರ ಮೇಲಕ್ಕೆ ಎಳೆದರೆ ಅವಳು ಇನ್ನೊಮ್ಮೆ ಏಳಲು ಒಪ್ಪುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಲಗಿದ್ದಲ್ಲಿಂದಲೇ ಶುರು ಮಾಡಿ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಇಳಿದು ಕಾಲಿಗೆ ಶಕ್ತಿ ಬಂದ ಮೇಲೆ ಪಾದ ಮೇಲೆ ಕೆಳಗೆ ಆಡಿಸಲಿ. ಒಂದೊಂದೇ ಮೊಣಕಾಲು ಮಡಚಿ ಬಿಡಲಿ. ಎರಡೂ ಮೊಣಕಾಲು ಮಡಚಿಟ್ಟು ಮೆಲ್ಲಗೆ ಎಡಕ್ಕೆ, ಬಲಕ್ಕೆ ವಾಲಿಸಲಿ, ನೋವಾಗದಷ್ಟು ಮಾತ್ರ. ಮೂಗಿನಿಂದ ಉಸಿರು ತೆಗೆದುಕೊಂಡು ಹೊಟ್ಟೆ ತುಂಬಿಸಿ ಬಾಯಿಂದ ಬಿಡಲಿ. ಗಂಟೆಗೊಂದು ಸಲ ಐದು ನಿಮಿಷ ಸಾಕು. ಮಗ್ಗುಲು ಬದಲಾಯಿಸುವುದೇ ಒಂದು ಔಷಧಿ.

ಏಳುವಾಗ ಮೊದಲು ಪೂರ್ತಿ ಮಗ್ಗುಲಾಗಲಿ. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡಲಿ. ಕೆಳಗಿರುವ ಮೊಣಕೈ ಊರಿ, ಇನ್ನೊಂದು ಅಂಗೈಯಿಂದ ಹಾಸಿಗೆ ಒತ್ತಿ ಏಳಲಿ. ಹೊಟ್ಟೆಯ ಸ್ನಾಯು ಬಳಸುವುದೇ ಬೇಡ, ಕೈಯೇ ಎಲ್ಲ ಕೆಲಸ ಮಾಡುತ್ತದೆ. ಕೂತ ಮೇಲೆ ಎರಡು ನಿಮಿಷ ಹಾಗೇ ಕೂರಲಿ. ತಲೆ ಸುತ್ತಿದರೆ ಮತ್ತೆ ಮಲಗಿಸಿ. ಮೊದಲನೇ ಸಲ ನರ್ಸ್ ಪಕ್ಕದಲ್ಲಿ ಇರಲೇಬೇಕು. ಪೈಪು, ಡ್ರಿಪ್ ನೋಡಿಕೊಳ್ಳುವವರು ಒಬ್ಬರು ಬೇರೆ.

ಹೊಲಿಗೆಯ ಮೇಲೆ ಪುಟ್ಟ ದಿಂಬು ಒತ್ತಿ ಹಿಡಿದುಕೊಳ್ಳಲಿ. ದಿಂಬು ಇಲ್ಲದಿದ್ದರೆ ಟವೆಲ್ ಮಡಚಿ ಕೊಡಿ. ಕೆಮ್ಮುವಾಗ, ಸೀನುವಾಗ, ನಗುವಾಗ, ಆಮೇಲೆ ಮೋಷನ್‌ಗೆ ಕೂತಾಗ, ಎಲ್ಲಕ್ಕೂ ಅದೇ ದಿಂಬು. ಹೊಲಿಗೆ ಬಿಚ್ಚುತ್ತದೆ ಅನ್ನುವ ಭಯಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ. ನಡೆಯುವುದರಿಂದ ಹೊಲಿಗೆ ಬಿಚ್ಚುವುದಿಲ್ಲ. ಒಳಗೆ ಒಂದರ ಮೇಲೊಂದು ಪದರ ಹೊಲಿದಿರುತ್ತಾರೆ.

ಮೊದಲ ದಿನ ಬಾಗಿಲ ತನಕ ಹೋಗಿ ಬಂದರೆ ಸಾಕು, ಆದರೆ ಮೂರ್ನಾಲ್ಕು ಸಲ. ಒಂದೇ ಸಲ ಉದ್ದ ನಡೆಸಿ ಸುಸ್ತು ಮಾಡಬೇಡಿ. ನಡೆದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆ. ಸಿಸೇರಿಯನ್ ಆದವರಿಗೆ ಅದೂ ಮುಖ್ಯವೇ.

ಹೊಟ್ಟೆ ನೀವುವ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಈಗ ಬೇಡ. ಸ್ವಲ್ಪ ದಿನ ಆದ ಮೇಲೆ ಡಾಕ್ಟರ್ ಒಪ್ಪಿದರೆ ಹೊಕ್ಕುಳಿನ ಮೇಲ್ಭಾಗದಲ್ಲಿ ಮಾತ್ರ, ಬೆರಳ ತುದಿಯಲ್ಲಿ, ಅವಳ ಬಲಗಡೆಯಿಂದ ಎಡಗಡೆಗೆ. ಕರುಳು ಹೋಗುವ ದಾರಿಯೂ ಅದೇ: ಬಲಗಡೆ ಮೇಲಕ್ಕೆ, ಅಡ್ಡಕ್ಕೆ, ಎಡಗಡೆ ಕೆಳಕ್ಕೆ. ಹೊಲಿಗೆಯ ಹತ್ತಿರ ಕೈ ಹೋಗಕೂಡದು. ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವ ಬಾಣಂತನದ ಮಾಲೀಶು ಸಿಸೇರಿಯನ್ ಹೊಟ್ಟೆಗೆ ಅಲ್ಲವೇ ಅಲ್ಲ.


ಮಗಳ ಅಪ್ಪ, ಬೆಂಗಳೂರು
13.30

ಗಂಡಸು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಸಿಸೇರಿಯನ್. ಆಸ್ಪತ್ರೆಯಲ್ಲಿ ಎರಡನೇ ದಿನ ಗ್ಯಾಸ್ ಹೋಯಿತು, ಎಲ್ಲ ಮುಗಿಯಿತು ಅಂತ ನಾವು ತಿಳಿದೆವು. ಮನೆಗೆ ಬಂದ ಮೇಲೆ ಬಾಣಂತನದ ಪಥ್ಯ. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ. ತರಕಾರಿ ಇಲ್ಲ, ಹಣ್ಣು ಇಲ್ಲ, ನೀರು ಅಳತೆ ಹಾಕಿ. ಜೊತೆಗೆ ಐರನ್ ಮಾತ್ರೆ. ಏಳು ದಿನ ಮೋಷನ್ ಇಲ್ಲ. ಎಂಟನೇ ದಿನ ಕಲ್ಲಿನ ಹಾಗೆ ಬಂದು ಗುದದ ಹತ್ತಿರ ಸೀಳಿ ರಕ್ತ ಬಂತು. ಬಾತ್‌ರೂಮಿನ ಒಳಗೆ ಅವಳು ಅಳುತ್ತಿದ್ದಳು, ಹೊರಗೆ ನಾನು ಮಗು ಎತ್ತಿಕೊಂಡು ನಿಂತಿದ್ದೆ. ಆ ಗಾಯ ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಹೆರಿಗೆ ನೋವು ನೆನಪಿಲ್ಲ, ಇದು ನೆನಪಿದೆ ಅಂತ ಈಗಲೂ ಹೇಳುತ್ತಾಳೆ.

ಡಿಸ್ಚಾರ್ಜ್ ಹೊತ್ತಲ್ಲಿ ಯಾರೂ ನಮಗೆ ಈ ಬಗ್ಗೆ ಒಂದು ಮಾತು ಹೇಳಲಿಲ್ಲ. ನನಗಾದರೂ ಕೇಳಬೇಕು ಅಂತ ಹೊಳೆಯಲಿಲ್ಲ. ತಂಗಿಯಕ್ಕ ಅವರೇ, ನಿಮ್ಮ ಭಾವನಿಗೋ ಮೈದುನನಿಗೋ ಇದನ್ನು ಓದಿಸಿ. ನೀರಿನ ಲೋಟ ತುಂಬಿಸಿ ಕೈಗೆ ಕೊಡುವುದು ಗಂಡನ ಕೆಲಸವೂ ಹೌದು.


ಮ್ಯೂನಿಕ್ ಕನ್ನಡತಿ
14.05

ನನ್ನ ಹೆರಿಗೆ ಆಗಿದ್ದು ಇಲ್ಲಿ ಜರ್ಮನಿಯಲ್ಲಿ. ಬೆಳಿಗ್ಗೆ ಆಪರೇಷನ್, ಅದೇ ಸಂಜೆ ಬ್ರೆಡ್ಡು, ಸೂಪು ತಂದಿಟ್ಟರು. ನಾನು ಗಾಬರಿಯಾಗಿ ಗ್ಯಾಸ್ ಹೋಗಿಲ್ಲ ಅಂದೆ. ಹಸಿವಾಗಿದೆಯಾ ಅಂತ ಕೇಳಿದರು. ಹೌದು ಅಂದೆ. ಹಾಗಾದರೆ ತಿನ್ನಿ ಅಂದರು, ಅಷ್ಟೇ.

ಕಾಫಿ ಬಗ್ಗೆ ಸಿಸ್ಟರ್ ಒಂದು ಮಾತಲ್ಲಿ ಹೇಳಿದರು, ನಾನು ಸೇರಿಸುತ್ತೇನೆ. ಇಲ್ಲೇ ಹೈಡೆಲ್‌ಬರ್ಗ್‌ನಲ್ಲಿ ದೊಡ್ಡ ಕರುಳಿನ ಆಪರೇಷನ್ ಆದವರಿಗೆ ಕೆಲವರಿಗೆ ಕಾಫಿ, ಕೆಲವರಿಗೆ ಬರೀ ನೀರು ಕೊಟ್ಟು ನೋಡಿ 2012ರಲ್ಲಿ ಬರೆದಿದ್ದಾರೆ. ಕಾಫಿ ಕುಡಿದವರಿಗೆ ಮೋಷನ್ ಬೇಗ ಆಗಿದೆ. ಅದು ಸಿಸೇರಿಯನ್ ಅಲ್ಲ, ಆದರೂ ದೊಡ್ಡ ಕರುಳು ದೊಡ್ಡ ಕರುಳೇ ತಾನೇ. ಹಾಲೂಡಿಸುವವರಿಗೆ ದಿನಕ್ಕೆ ಒಂದೆರಡು ಲೋಟ ಪರವಾಗಿಲ್ಲ. ಐರನ್ ಮಾತ್ರೆ ಜೊತೆಗೆ ಕುಡಿಯಬೇಡಿ, ಮೈಗೆ ಹಿಡಿಯುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಮಗು ನಿದ್ದೆ ಬಿಟ್ಟು ರಚ್ಚೆ ಹಿಡಿದರೆ ಕಡಿಮೆ ಮಾಡಿ.


ಹೆರಿಗೆ ಡಾಕ್ಟರ್, ಕಲಬುರಗಿ
15.20

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ಹೇಳಿದ್ದು ಬಹುತೇಕ ಸರಿ ಇದೆ. ಒಂದು ವಿಷಯ ಮಾತ್ರ ಯಾರೂ ಒತ್ತಿ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಯಾವಾಗ ಈ ಮನೆಯ ಉಪಾಯಗಳನ್ನೆಲ್ಲ ಬಿಟ್ಟು ನಮ್ಮನ್ನು ಕರೆಯಬೇಕು?

ಉಬ್ಬರ ಇದ್ದರೂ ಮೆತ್ತಗಿದ್ದು, ನೀರು ಕುಡಿದರೆ ನಿಂತು, ನಡೆದರೆ ಹಗುರ ಅನ್ನಿಸಿದರೆ ಅದು ಮಾಮೂಲಿ. ಹೊಟ್ಟೆ ಗಂಟೆ ಗಂಟೆಗೂ ದೊಡ್ಡದಾಗುತ್ತಾ ಹೋದರೆ, ಕುಡಿದಿದ್ದೆಲ್ಲ ವಾಂತಿಯಾದರೆ, ಅದರಲ್ಲೂ ಹಸಿರು ವಾಂತಿಯಾದರೆ, ಜ್ವರ ಬಂದರೆ, ನಾಡಿ ಓಡುತ್ತಿದ್ದರೆ, ಮುಟ್ಟಲು ಬಿಡದಷ್ಟು ನೋವಿದ್ದರೆ, ಎರಡು ದಿನ ದಾಟಿದರೂ ಗ್ಯಾಸ್ ಹೋಗದಿದ್ದರೆ, ಗಮ್ಮೂ ಬೇಡ, ಗಂಜಿಯೂ ಬೇಡ, ಆ ಕ್ಷಣವೇ ತೋರಿಸಿ. ಓಗಿಲ್ವಿ ಸಿಂಡ್ರೋಮ್ ಅಂತ ಒಂದಿದೆ. ದಾರಿಯಲ್ಲಿ ಯಾವ ಅಡ್ಡಿಯೂ ಇಲ್ಲದೆ ದೊಡ್ಡ ಕರುಳು ಸುಮ್ಮನೆ ಊದಿಕೊಳ್ಳುತ್ತಾ ಹೋಗುತ್ತದೆ. ಅಪರೂಪ, ಆದರೆ ಸಿಸೇರಿಯನ್ ಆದವರಲ್ಲಿ ಬರುವುದುಂಟು. ಬಿಟ್ಟರೆ ಕರುಳು ಒಡೆಯುತ್ತದೆ. ಕೆಲವರಿಗೆ ಸ್ವಲ್ಪ ಗ್ಯಾಸ್, ಭೇದಿ ಹೋಗುತ್ತಲೇ ಇರುತ್ತದೆ, ಹೊಟ್ಟೆ ಮಾತ್ರ ಬೆಳೆಯುತ್ತದೆ. ಗ್ಯಾಸ್ ಹೋಯಿತಲ್ಲ ಅಂತ ಮನೆಯವರು ಸಮಾಧಾನ ಮಾಡಿಕೊಂಡು ಕೂತರೆ ಹೊತ್ತು ಕೈತಪ್ಪುತ್ತದೆ. ಹಾಗಾಗಿ ಗ್ಯಾಸ್ ಒಂದನ್ನೇ ನೋಡಬೇಡಿ, ಹೊಟ್ಟೆಯನ್ನೂ ನೋಡಿ.

ಕರ್ನಾಟಕದಲ್ಲಿ ನೂರು ಹೆರಿಗೆಗೆ 31ಕ್ಕೂ ಹೆಚ್ಚು ಸಿಸೇರಿಯನ್ ಆಗುತ್ತಿದ್ದವು ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಅಂದರೆ ಪ್ರತಿ ಬೀದಿಯಲ್ಲೂ ಈ ಮಾತು ಬೇಕಾಗುವ ಒಬ್ಬಳು ತಾಯಿ ಇದ್ದಾಳೆ. ಬಾಣಂತನ ಮಾಡುವ ಅಮ್ಮಂದಿರಿಗೆ ಇದನ್ನು ನಾವೇ, ಡಾಕ್ಟರುಗಳೇ, ಕೂರಿಸಿಕೊಂಡು ಹೇಳಬೇಕು. ರೌಂಡ್ಸ್‌ನ ಒಂದು ನಿಮಿಷದಲ್ಲಿ ಹೇಳಿ ಹೋದರೆ ಮನೆಯ ಹಿರಿಯರು ಯಾಕೆ ನಂಬುತ್ತಾರೆ?


ತಂಗಿಯಕ್ಕ, ದಾವಣಗೆರೆ
ಬುಧವಾರ ರಾತ್ರಿ 9.45

ಎಲ್ಲರಿಗೂ ಹೇಳಲೇಬೇಕು. ಹೋಯಿತು! ಸಂಜೆ ಆರೂವರೆಗೆ.

ಡಾಕ್ಟರ್‌ರ ಹತ್ತಿರ ಫೋನಲ್ಲಿ ಕೇಳಿದೆ, ಗಮ್ ಧಾರಾಳವಾಗಿ ಕೊಡಿ ಅಂದರು. ಹನ್ನೆರಡೂವರೆಗೆ ಒಂದು, ನಾಲ್ಕಕ್ಕೆ ಒಂದು. ನಡುವೆ ತಿಳಿ ಗಂಜಿ ಒಂದು ಬಟ್ಟಲು, ಉಪ್ಪು, ಚಿಟಿಕೆ ಜೀರಿಗೆ. ಅವಳ ಅತ್ತೆ ಮೂಲೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಅವರ ಪಕ್ಕ ಕೂತು ಶಿವಮೊಗ್ಗದ ಅಜ್ಜಿ ಬರೆದದ್ದನ್ನು ಜೋರಾಗಿ ಓದಿದೆ. ಎಲೆಯ ನಾರು ತೆಗೆಯುವ ಕಡೆ ಬಂದಾಗ ಅವರ ಕಣ್ಣು ತುಂಬಿತು. ನನ್ನಮ್ಮನೂ ಹಾಗೇ ಮಾಡುತ್ತಿದ್ದಳು ಅಂದರು. ಆಮೇಲೆ ಫ್ಲಾಸ್ಕಿನಿಂದ ನೀರು ಬಗ್ಗಿಸಿ ಆರಿಸಿ ತಾವೇ ತಂದು ಕೊಟ್ಟರು.

ಉಡುಪಿಯವರು ಹೇಳಿದ ಹಾಗೇ ಮಗ್ಗುಲಾಗಿಸಿ ಎಬ್ಬಿಸಿದೆವು. ಸಿಸ್ಟರ್ ಒಬ್ಬರು ಬಲಗಡೆ, ನಾನು ಎಡಗಡೆ. ಮಗುವಿಗೆ ಅಂತ ತಂದಿದ್ದ ಸಾಸಿವೆ ದಿಂಬನ್ನೇ ಹೊಲಿಗೆಗೆ ಒತ್ತಿಕೊಂಡಳು. ಮೊದಲನೇ ಸಲ ನಾಲ್ಕು ಹೆಜ್ಜೆ, ಎರಡನೇ ಸಲ ಬಾಗಿಲು, ಮೂರನೇ ಸಲ ಹೊರಗಿನ ಕಿಟಕಿ ತನಕ. ಕಿಟಕಿಯ ಹತ್ತಿರ ನಿಂತವಳು ತಟಕ್ಕನೆ ನನ್ನ ಕೈ ಬಿಗಿಯಾಗಿ ಹಿಡಿದಳು. ಏನಾಯಿತು ಅಂದೆ. ಅಕ್ಕಾ, ಹೊಟ್ಟೆ ಗುಡುಗುಡು ಅಂತಿದೆ ಅಂದಳು. ಅಲ್ಲೇ ಆಯಿತು. ಅವಳ ಮುಖ ನೀವು ನೋಡಬೇಕಿತ್ತು. ಪಕ್ಕದ ಬೆಡ್ಡಿನ ಬಾಣಂತಿಯ ಅಮ್ಮ ಕೂಡ ಬಂದು ತಲೆ ಸವರಿ ಹೋದರು. ಭುಜದ ನೋವು ಇನ್ನೂ ಸ್ವಲ್ಪ ಇದೆ.


ಎರಡು ಮಕ್ಕಳ ತಾಯಿ, ತುಮಕೂರು
21.50

ಹೇಳಲಿಲ್ವಾ ನಾನು! ತುಂಬಾ ಸಂತೋಷ ಆಯಿತು.


ತಂಗಿಯಕ್ಕ, ದಾವಣಗೆರೆ
ಶುಕ್ರವಾರ ಬೆಳಿಗ್ಗೆ 8.30

ಮತ್ತೆ ನಾನೇ. ನಾಳೆ ಡಿಸ್ಚಾರ್ಜ್ ಅಂದಿದ್ದಾರೆ. ಊಟ ಚೆನ್ನಾಗಿ ಮಾಡುತ್ತಿದ್ದಾಳೆ, ಗ್ಯಾಸ್ ಹೋಗುತ್ತಿದೆ, ಹೊಟ್ಟೆ ಇಳಿದಿದೆ. ಮೋಷನ್ ಮಾತ್ರ ಇನ್ನೂ ಆಗಿಲ್ಲ. ಕೂರಲು ಹೆದರುತ್ತಾಳೆ, ಮುಕ್ಕಿದರೆ ಹೊಲಿಗೆ ಹೋಗುತ್ತದೆ ಅಂತ. ಬೆಂಗಳೂರಿನ ಅಣ್ಣ ಬರೆದದ್ದು ನನ್ನ ತಲೆಯಲ್ಲೇ ಕೂತಿದೆ. ಹಾಗೆ ಆಗಬಾರದು. ಮನೆಗೆ ಹೋದ ಮೇಲೆ ಏನು ಕೊಡಲಿ?


ವಾರ್ಡ್ ಸಿಸ್ಟರ್, ಹುಬ್ಬಳ್ಳಿ
9.10

ಮೂರನೇ ದಿನ ಆಗದೆ ಇರುವುದು ಮಾಮೂಲಿ. ಆಪರೇಷನ್ನಿಗೆ ಮುಂಚೆ ಉಪವಾಸ ಇದ್ದಳು, ಆಮೇಲೂ ಹೊಟ್ಟೆಗೆ ಬಿದ್ದದ್ದು ಕಡಿಮೆ. ಆದರೂ ಡಿಸ್ಚಾರ್ಜ್‌ಗೆ ಮುಂಚೆ ಡಾಕ್ಟರ್‌ಗೆ ಹೇಳಿ. ಹೊರಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಟ್ಟುಕೊಳ್ಳಿ: ಎಷ್ಟು ದಿನ ಆಗದಿದ್ದರೆ ಫೋನ್ ಮಾಡಬೇಕು?

ನೀರು ಮೊದಲು. ಹಾಲು ಕುಡಿಸಲು ಕೂತಾಗೆಲ್ಲ ಪಕ್ಕದಲ್ಲಿ ಒಂದು ಲೋಟ ಇರಲಿ. ದಿನಕ್ಕೆ ಎಂಟು ಹತ್ತು ಸಲ ಕುಡಿಸುತ್ತಾಳೆ, ಅಷ್ಟು ಲೋಟ ತಾನಾಗಿಯೇ ಹೋಗುತ್ತದೆ, ಲೆಕ್ಕ ಇಡುವ ಕೆಲಸ ಇಲ್ಲ. ಹೊಟ್ಟೆ ಬರುವುದಕ್ಕೂ ನೀರಿಗೂ ಸಂಬಂಧವೇ ಇಲ್ಲ. ಒಂಬತ್ತು ತಿಂಗಳು ಹಿಗ್ಗಿದ ಸ್ನಾಯು ಒಳಗೆ ಹೋಗಲು ಹೊತ್ತು ಬೇಕು, ಅಷ್ಟೇ. ನೀರು ಬಿಟ್ಟರೆ ಕಲ್ಲಿನಂಥ ಮಲ ಬರುತ್ತದೆ.

ಬಾಣಂತನದ ಊಟವನ್ನು ಬಿಡಿಸಬೇಡಿ, ಅದಕ್ಕೇ ಸೇರಿಸಿ. ಸಬ್ಬಸಿಗೆ ಸೊಪ್ಪು ಬಾಣಂತಿಗೆ ಒಳ್ಳೆಯದು ಅಂತ ನಮ್ಮಲ್ಲಿ ಎಲ್ಲರೂ ಒಪ್ಪುತ್ತಾರೆ, ಹಾಗಾದರೆ ಹೆಸರುಬೇಳೆ ಹಾಕಿ ಅದರ ಪಲ್ಯ ದಿನಾ ಮಾಡಿ. ಮೆಂತ್ಯ ಸೊಪ್ಪು, ಹೀರೆಕಾಯಿ, ಪಡವಲಕಾಯಿ ಯಾವ ಅಜ್ಜಿಗೂ ಸಿಟ್ಟು ಬರಿಸುವುದಿಲ್ಲ. ರಾಗಿ ಗಂಜಿ ಕೊಡಿ. ರಾತ್ರಿ ಹತ್ತು ಹದಿನೈದು ಒಣದ್ರಾಕ್ಷಿ, ಎರಡು ಅಂಜೂರ ನೆನೆಹಾಕಿ ಬೆಳಿಗ್ಗೆ ನೀರು ಸಮೇತ ಕೊಡಿ. ಪಪ್ಪಾಯಿ ಹಣ್ಣು ಉಷ್ಣ ಅಂತ ಜಗಳ ಬರುತ್ತದೆ, ಗೊತ್ತು. ಹೆರಿಗೆ ಆದ ಮೇಲೆ ಚೆನ್ನಾಗಿ ಕಳಿತ ಹಣ್ಣು ತಿಂದರೆ ಏನೂ ಆಗುವುದಿಲ್ಲ. ಅಂಟಿನುಂಡೆ ತಿನ್ನಲಿ, ಆದರೆ ಅದರ ಜೊತೆ ನೀರು ಕುಡಿಯದಿದ್ದರೆ ಅದೇ ಕಟ್ಟಿಹಾಕುತ್ತದೆ.

ಐರನ್ ಮಾತ್ರೆಯಿಂದ ಕಪ್ಪಗೆ, ಗಟ್ಟಿಯಾಗಿ ಬರುತ್ತದೆ. ಹಾಗಂತ ನಿಲ್ಲಿಸಬೇಡಿ. ಹೆರಿಗೆ ಆದ ಮೇಲೆ 180 ದಿನ ಐರನ್ ಕೊಡಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ, ನಮ್ಮ ಹೆಂಗಸರಲ್ಲಿ ರಕ್ತ ಅಷ್ಟು ಕಡಿಮೆ. ತೀರಾ ಕಷ್ಟವಾದರೆ ಡಾಕ್ಟರ್ ಬೇರೆ ಬಗೆಯದ್ದು ಬರೆದುಕೊಡುತ್ತಾರೆ.

ಹೊಟ್ಟೆಗೆ ಸೀರೆ ಬಿಗಿದು ಕಟ್ಟುವುದನ್ನು ಡಾಕ್ಟರ್ ಕೇಳದೆ ಮಾಡಬೇಡಿ.


ಫಿಸಿಯೋ, ಉಡುಪಿ
9.40

ಕೂರುವ ರೀತಿ ನಾನು ಹೇಳುತ್ತೇನೆ. ಬೆಳಿಗ್ಗೆ ತಿಂಡಿ ಆಗಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಹೋಗಿ ಕೂರಲಿ, ಕರುಳು ಆಗ ತಾನಾಗಿ ತಳ್ಳುತ್ತಿರುತ್ತದೆ. ಬಂದಾಗ ತಡೆಯಬಾರದು. ಮಗು ಅಳುತ್ತಿದ್ದರೆ ಬೇರೆಯವರು ಎತ್ತಿಕೊಳ್ಳಿ, ಅವಳನ್ನು ಅರ್ಧದಲ್ಲಿ ಕರೆಯಬೇಡಿ.

ವೆಸ್ಟರ್ನ್ ಕಮೋಡ್ ಆದರೆ ಕಾಲ ಕೆಳಗೆ ಒಂದು ಚಿಕ್ಕ ಸ್ಟೂಲು ಇಡಿ. ಅಡುಗೆಮನೆಯ ಮಣೆ ಎರಡು ಒಂದರ ಮೇಲೊಂದು ಇಟ್ಟರೂ ಆಗುತ್ತದೆ, ಜಾರದ ಹಾಗೆ ಕೆಳಗೆ ಬಟ್ಟೆ ಹಾಕಿ. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬೇಕು. ಗುದದ ದಾರಿಯನ್ನು ಒಂದು ಸ್ನಾಯು ಮುಂದಕ್ಕೆ ಎಳೆದು ಬಾಗಿಸಿ ಹಿಡಿದಿರುತ್ತದೆ, ಹೀಗೆ ಕೂತಾಗ ಅದು ಸಡಿಲವಾಗಿ ದಾರಿ ನೇರವಾಗುತ್ತದೆ. ನಮ್ಮ ಹಳೇ ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂತರೆ ತಾನಾಗಿ ಆಗುವುದು ಇದೇ, ಆದರೆ ಹೊಸ ಹೊಲಿಗೆ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತು ಏಳುವುದು ಕಷ್ಟ.

ಮುಂದೆ ಬಾಗಿ ಮೊಣಕೈ ತೊಡೆಯ ಮೇಲೆ ಊರಲಿ. ದಿಂಬು ಹೊಲಿಗೆಯ ಮೇಲೆ. ಉಸಿರು ಕಟ್ಟಿ ಮುಕ್ಕುವುದು ಬೇಡ. ಬಾಯಿ ತೆರೆದು ಹಾ ಅಂತ ಉದ್ದಕ್ಕೆ ಉಸಿರು ಬಿಡಲಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬರಲಿ, ಮತ್ತೆ ಊಟ ಆದ ಮೇಲೆ ನೋಡೋಣ.


ತಂಗಿಯಕ್ಕ, ದಾವಣಗೆರೆ
ಭಾನುವಾರ ಬೆಳಿಗ್ಗೆ 11.00

ನಿನ್ನೆ ಮಧ್ಯಾಹ್ನ ಮನೆಗೆ ಬಂದೆವು. ಇವತ್ತು ಬೆಳಿಗ್ಗೆ ಉಪ್ಪಿಟ್ಟು, ಒಂದು ಲೋಟ ಕಾಫಿ ಕುಡಿದು ತಾನೇ ಎದ್ದು ಹೋದಳು. ಮಣೆಗಳನ್ನು ಅವಳ ಗಂಡ ಒಳಗಿಟ್ಟು ಬಂದಿದ್ದ, ಮಗುವನ್ನೂ ಅವನೇ ಎತ್ತಿಕೊಂಡ. ಬಾಗಿಲ ಹೊರಗೆ ನಾನು ನಿಂತಿದ್ದೆ, ಹಾ ಅಂತ ಉಸಿರು ಬಿಡುವುದು ಕೇಳಿಸುತ್ತಿತ್ತು. ಏಳೆಂಟು ನಿಮಿಷಕ್ಕೆ ಹೊರಗೆ ಬಂದಳು. ಆಯ್ತು ಅಕ್ಕಾ, ಮೆತ್ತಗೇ ಆಯ್ತು ಅಂದಳು. ರಕ್ತ ಇಲ್ಲ, ಉರಿ ಇಲ್ಲ. ಭುಜದ ನೋವೂ ಹೋಗಿದೆ.

ಅಡುಗೆಮನೆಯಲ್ಲಿ ಅವಳ ಅತ್ತೆ ಈಗ ಸಬ್ಬಸಿಗೆ ಬಿಡಿಸುತ್ತಿದ್ದಾರೆ. ಒಣದ್ರಾಕ್ಷಿ ನೆನೆಹಾಕಲು ರಾತ್ರಿ ನೆನಪಿಸು ಅಂತ ಅವರೇ ನನಗೆ ಹೇಳಿದರು. ಪಕ್ಕದ ಬೆಡ್ಡಿನವರಿಗೆ ಗಮ್‌ನ ಉಳಿದ ಪಟ್ಟಿ ಕೊಟ್ಟು ಬಂದೆ, ಅವರ ಡಾಕ್ಟರ್‌ರನ್ನು ಕೇಳಿ ಕೊಡಿ ಅಂದಿದ್ದೇನೆ.